ವಲಸೆ ಬಂದು ನೆಲೆಸಿದ ಎರಡು ಸಮುದಾಯಗಳ ಸ್ಥಿತಿಗತಿಯನ್ನು ಹೋಲಿಸುವುದು ಹೇಗೆ: ಕಾಸರಗೋಡಿನ ಅಧ್ಯಯನಾಸಕ್ತರಿಗೆ

ಕಾಸರಗೋಡಿನಲ್ಲಿ ಸಮುದಾಯಗಳ ವಿಚಾರ ಬಂದಾಗಲೆಲ್ಲ ‘ಅವರು ದುಡಿದು ಮೇಲೆ ಬಂದರು, ಇವರು ಇದ್ದಲ್ಲೇ ಉಳಿದರು’ ಎಂಬ ಮಾತು ಬಹು ಸುಲಭವಾಗಿ ನುಸುಳುತ್ತದೆ. ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳೂ ಎಷ್ಟೋ ಸಲ ಇದೇ ಮಾತನ್ನು ಕೋಷ್ಟಕದ ರೂಪದಲ್ಲಿ ಮತ್ತೊಮ್ಮೆ ಹೇಳಿ ಮುಗಿಯುತ್ತವೆ. ಹೊರಗಿನಿಂದ ಬಂದು ನೆಲೆಸಿದ ಎರಡು ಜನಸಮೂಹಗಳ ಆರ್ಥಿಕ ಮತ್ತು ಸಾಮಾಜಿಕ ಸ್ಥಿತಿಯನ್ನು ನಿಜವಾಗಿ ಹೋಲಿಸಬೇಕೆನ್ನುವ ವಿದ್ಯಾರ್ಥಿಗಳಿಗೆ, ಅಧ್ಯಾಪಕರಿಗೆ ಮತ್ತು ಊರಿನ ಇತಿಹಾಸದಲ್ಲಿ ಆಸಕ್ತಿಯಿರುವವರಿಗೆ ಕೆಲಸದ ದಾರಿಯನ್ನು ತೋರಿಸುವುದು ಈ ಬರಹದ ಉದ್ದೇಶ. ಯಾವ ಕುಟುಂಬಕ್ಕೆ ಭೂಮಿ ಯಾವ ಷರತ್ತಿನಲ್ಲಿ, ಯಾವ ವರ್ಷ ಕೈಸೇರಿತು ಎಂಬುದನ್ನು ತಿಳಿಯದೆ ಮಾಡಿದ ಯಾವ ಹೋಲಿಕೆಯೂ ನಿಲ್ಲುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಮುಂದಿನ ವಿವರಣೆಯಲ್ಲಿ ಭೂಮಿಗೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ಉದಾಹರಣೆಗಾಗಿ ನಮ್ಮ ಜಿಲ್ಲೆಯ ಎರಡು ಸಮುದಾಯಗಳನ್ನು ಆರಿಸಿಕೊಳ್ಳೋಣ. ಮೊದಲನೆಯದು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ ಮುಂತಾದ ಕಡೆಗಳಲ್ಲಿ ನೆಲೆಸಿರುವ ಮರಾಟಿ ಸಮುದಾಯ. ಗೋವೆ ಮತ್ತು ಕೊಂಕಣ ಸೀಮೆಯಿಂದ ಶತಮಾನಗಳ ಹಿಂದೆ ತೆಂಕಣಕ್ಕೆ ಬಂದವರು ತಾವು ಎಂಬುದು ಅವರ ಸಾಮೂಹಿಕ ನೆನಪು. ಮನೆಯೊಳಗೆ ಮರಾಠಿಯ ಒಂದು ರೂಪ, ನೆರೆಕರೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂಬುದು ಅವರ ನುಡಿಬಳಕೆಯ ಸಾಮಾನ್ಯ ಕ್ರಮ; ಗೋಂದೋಲು ಪೂಜೆ ಇಂದಿಗೂ ಕುಟುಂಬಗಳನ್ನು ಒಂದೆಡೆ ಸೇರಿಸುವ ಆಚರಣೆ. ಎರಡನೆಯದು ಕಳ್ಳಾರ್, ಪನತ್ತಡಿ, ಬಳಾಲ್ ಮೊದಲಾದ ಪೂರ್ವದ ಗುಡ್ಡಗಾಡು ಪಂಚಾಯತುಗಳಲ್ಲಿ ನೆಲೆನಿಂತ, ದಕ್ಷಿಣ ಕೇರಳದ ತಿರುವಾಂಕೂರಿನಿಂದ ಬಂದ ಕ್ರೈಸ್ತ ಕೃಷಿಕರ ಸಮುದಾಯ. ಎರಡನೇ ಮಹಾಯುದ್ಧದ ಕಾಲದ ಆಹಾರದ ಅಭಾವ, ತಿರುವಾಂಕೂರಿನಲ್ಲಿ ಜನ ಹೆಚ್ಚಾಗಿ ಜಮೀನು ಚೂರಾದದ್ದು, ಉತ್ತರದಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಕಾಡುನೆಲ, ಇವು ಅವರನ್ನು ಇಲ್ಲಿಗೆ ತಂದವು. 1943ರಲ್ಲಿ ಕೋಟ್ಟಯಂ ಧರ್ಮಪ್ರಾಂತದ ಮುಂದಾಳುತನದಲ್ಲಿ ರಾಜಪುರಂ ನೆಲೆ ಆರಂಭವಾಯಿತು. ಮಲಬಾರಿನ ವಲಸಿಗರು ಎಷ್ಟು ಹೆಚ್ಚಿದರೆಂದರೆ 1953ರಲ್ಲಿ ತಲಶ್ಶೇರಿಯಲ್ಲಿ ಹೊಸ ಧರ್ಮಪ್ರಾಂತವೇ ಸ್ಥಾಪನೆಯಾಯಿತು.

ಎರಡೂ ಸಮುದಾಯಗಳು ಹೊರಗಿನಿಂದ ಬಂದವು, ಎರಡೂ ಮುಖ್ಯವಾಗಿ ಕೃಷಿಯನ್ನು ನೆಚ್ಚಿದವು, ಎರಡೂ ಗುಡ್ಡದ ನೆಲದಲ್ಲಿ ಬದುಕು ಕಟ್ಟಿದವು. ಹೋಲಿಕೆಗೆ ಇಷ್ಟು ಸಾಮ್ಯ ಬೇಕು. ಆದರೆ ಒಂದು ಸಮುದಾಯದ ವಲಸೆ ಅಜ್ಜನ ಅಜ್ಜನಿಗೂ ನೆನಪಿಲ್ಲದಷ್ಟು ಹಳೆಯದು, ಇನ್ನೊಂದರ ವಲಸೆಯನ್ನು ಕಣ್ಣಾರೆ ಕಂಡವರು ಈಗಲೂ ಸಿಗಬಹುದು. ಈ ಅಂತರವನ್ನು ವರದಿಯ ಮೊದಲ ಪುಟದಲ್ಲೇ ಬರೆದಿಡಿ.

ಮೊದಲು ಗಡಿ ಗುರುತಿಸಿ

ಯಾರನ್ನು ಲೆಕ್ಕಕ್ಕೆ ಹಿಡಿಯುತ್ತೇವೆ ಎಂಬುದು ಸ್ಪಷ್ಟವಾಗದೆ ಪ್ರಶ್ನಾವಳಿ ಬರೆಯಲು ಕೂರಬಾರದು. ಜನಗಣತಿಯ ಪುಸ್ತಕ ತೆರೆದರೆ ಕೆಲಸ ಮುಗಿಯಿತೆಂದು ಭಾವಿಸುವವರು ಎಡವುವುದು ಇಲ್ಲಿಯೇ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ 13,07,375 ಜನರಲ್ಲಿ ಕ್ರೈಸ್ತರು ಶೇಕಡಾ 7ಕ್ಕಿಂತ ಸ್ವಲ್ಪ ಕಡಿಮೆ. ಆದರೆ ಈ ಸಂಖ್ಯೆಯಲ್ಲಿ ಬೇಳ, ಕಯ್ಯಾರು, ಮಂಜೇಶ್ವರ ಭಾಗದ ಕೊಂಕಣಿ ಮಾತಾಡುವ ಕೆಥೊಲಿಕರೂ ಸೇರಿದ್ದಾರೆ. ಅವರ ಚರಿತ್ರೆಯೇ ಬೇರೆ, ಅವರ ನಂಟು ಮಂಗಳೂರಿನ ಕಡೆಗೆ. ತಿರುವಾಂಕೂರಿನಿಂದ ಬಂದವರಲ್ಲಿ ಹಿಂದೂ ಕುಟುಂಬಗಳೂ ಇದ್ದವು. ಧರ್ಮದ ಅಂಕಿ ಅವರನ್ನು ತೋರಿಸುವುದಿಲ್ಲ. ಮಾತೃಭಾಷೆಯ ಪಟ್ಟಿಯಲ್ಲಿ ಮರಾಠಿ ಎಂದು ಬರೆಸಿದವರೆಲ್ಲ ಮರಾಟಿ ಸಮುದಾಯದವರು ಎನ್ನುವಂತೆಯೂ ಇಲ್ಲ, ಏಕೆಂದರೆ ಕರಾಡ ಮತ್ತು ಚಿತ್ಪಾವನ ಮನೆಗಳವರೂ ಹಾಗೆ ಬರೆಸಿರಬಹುದು, ಮರಾಟಿ ಮನೆಯವರೇ ತುಳು ಅಥವಾ ಕನ್ನಡ ಎಂದು ಹೇಳಿರಲೂಬಹುದು. ಮತದಾರರ ಪಟ್ಟಿಯಲ್ಲಿ ‘ನಾಯ್ಕ’ ಎಂಬ ಹೆಸರು ಹುಡುಕಿ ಎಣಿಸುವ ರೂಢಿಯೂ ಅಪಾಯಕಾರಿ. ಆ ಹೆಸರು ಬೇರೆ ಸಮುದಾಯಗಳಲ್ಲೂ ಇದೆ.

ಪರಿಶಿಷ್ಟ ಪಂಗಡದ ಅಂಕಿಯಂತೂ ಇನ್ನೂ ದೊಡ್ಡ ಬಲೆ. ಜಿಲ್ಲೆಯ ಪರಿಶಿಷ್ಟ ಪಂಗಡದ ಜನಸಂಖ್ಯೆ 2001ರಲ್ಲಿ ಸುಮಾರು 30 ಸಾವಿರ, 2011ರಲ್ಲಿ ಸುಮಾರು 49 ಸಾವಿರ. ಜಿಲ್ಲೆಯ ಒಟ್ಟು ಜನಸಂಖ್ಯೆ ಶೇಕಡಾ 9ರಷ್ಟೂ ಏರದ ಹತ್ತು ವರ್ಷದಲ್ಲಿ ಒಂದು ವರ್ಗ ಶೇಕಡಾ 60ರಷ್ಟು ಏರಿದ್ದು ಹೆರಿಗೆಯಿಂದಲ್ಲ, ಪಟ್ಟಿಯ ತಿದ್ದುಪಡಿಯಿಂದ. 2002ರಲ್ಲಿ ಸಂಸತ್ತು ಅಂಗೀಕರಿಸಿ 2003ರಲ್ಲಿ ಜಾರಿಗೆ ಬಂದ ಕಾಯ್ದೆಯ ಮೂಲಕ ಕೇರಳದ ಪಟ್ಟಿಗೆ ಮಾವಿಲನ್, ಮಲವೇಟ್ಟುವನ್ ಮೊದಲಾದ ಸಮುದಾಯಗಳು ಸೇರಿದವು, ಮರಾಟಿ ಸಮುದಾಯ ಹೊರಬಿತ್ತು. ಮತ್ತೆ 2013ರಲ್ಲಿ ಮರಾಟಿ ಸಮುದಾಯ ಪಟ್ಟಿಗೆ ಮರಳಿತು. ಅಂದರೆ 2001ರ ಅಂಕಿಯೊಳಗೆ ಅವರಿದ್ದಾರೆ, 2011ರದರಲ್ಲಿ ಇಲ್ಲ. ಇವೆರಡನ್ನು ಅಕ್ಕಪಕ್ಕ ಇಟ್ಟು ಸಾಕ್ಷರತೆ ಏರಿತು ಅಥವಾ ಇಳಿಯಿತು ಎಂದು ಬರೆದರೆ ಅದು ಬೇರೆ ಬೇರೆ ಜನರ ಕುರಿತ ಮಾತಾಗುತ್ತದೆ.

ಆದ್ದರಿಂದ ವಾರ್ಡ್ ಮಟ್ಟಕ್ಕೆ ಇಳಿಯುವುದೇ ದಾರಿ. ಪ್ರತಿಯೊಂದು ಸಮುದಾಯಕ್ಕೂ ಎರಡೋ ಮೂರೋ ವಾರ್ಡುಗಳನ್ನು ಆರಿಸಿ, ವಾರ್ಡ್ ಮೆಂಬರು, ಅಂಗನವಾಡಿ ಟೀಚರು, ಆಶಾ ಕಾರ್ಯಕರ್ತೆ, ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘಗಳ ಜಾಲ) ಘಟಕದ ಅಧ್ಯಕ್ಷೆ, ಇವರ ನೆರವಿನಿಂದ ಮನೆಗಳ ಪಟ್ಟಿ ಮಾಡಿ. ಸಮುದಾಯದ ಸಂಘದವರೋ ಇಗರ್ಜಿಯವರೋ ಕೊಡುವ ಪಟ್ಟಿಯನ್ನು ಮಾತ್ರ ನೆಚ್ಚಿದರೆ ಸಭೆಗೆ ಬರುವ ಮನೆಗಳು ಸಿಗುತ್ತವೆ, ಬಾರದ ಬಡ ಮನೆಗಳು ಬಿಟ್ಟುಹೋಗುತ್ತವೆ. ಊರು ಬಿಟ್ಟು ಮಂಗಳೂರಿಗೆ, ಗಲ್ಫಿಗೆ, ಯುರೋಪಿಗೆ ಹೋದವರನ್ನೂ ಪಟ್ಟಿಯಲ್ಲಿ ನಮೂದಿಸಿ; ಅವರು ಕಳಿಸುವ ಹಣದಿಂದಲೇ ಹಲವು ಮನೆಗಳು ನಡೆಯುತ್ತವೆ.

ಭೂಮಿಯ ಕಾಗದಗಳು

1956ರ ನವೆಂಬರ್ 1ರವರೆಗೆ ಇಡೀ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಹೀಗಾಗಿ ಹಳೆಯ ದಾಖಲೆಗಳ ಮಾತು ನಮಗೆ ಪರಿಚಿತವೇ: ವರ್ಗ (ಸರಕಾರಕ್ಕೆ ನೇರವಾಗಿ ಕಂದಾಯ ಕಟ್ಟುವ ಜಮೀನು), ಮೂಲಗೇಣಿ, ಚಾಲಗೇಣಿ, ಕುಮ್ಕಿ. ಮೂಲಗೇಣಿಯವನ ಹಕ್ಕು ತಲೆಮಾರಿನಿಂದ ತಲೆಮಾರಿಗೆ ಇಳಿಯುವಂಥದ್ದು; ಅವನು ಧೈರ್ಯವಾಗಿ ಅಡಿಕೆ ಸಸಿ ನೆಡಬಹುದಿತ್ತು. ಚಾಲಗೇಣಿಯವನನ್ನು ಧನಿಗಳು ಮನಸ್ಸು ಬದಲಿಸಿದಾಗ ಎಬ್ಬಿಸಬಹುದಿತ್ತು. ಫಲಕ್ಕೆ ಹಲವು ವರ್ಷ ಕಾಯಬೇಕಾದ ಬೆಳೆಯನ್ನು ಅಂಥ ನೆಲದಲ್ಲಿ ಯಾರು ನೆಟ್ಟಾರು? ಕುಮ್ಕಿಯಂತೂ ವರ್ಗದಾರನಿಗೆ ಸೊಪ್ಪು, ಸೌದೆಗಾಗಿ ಇದ್ದ ಸೌಲಭ್ಯ. ಗೇಣಿಗೂ ಇಲ್ಲದೆ ಕೂಲಿಯಲ್ಲಿ ಬದುಕಿದ ಮನೆಗೆ ಗುಡ್ಡದ ಸೊಪ್ಪು ಕೂಡ ಇನ್ನೊಬ್ಬರ ಅನುಮತಿಯಿಂದ ಬರಬೇಕಿತ್ತು. ಆದ್ದರಿಂದ ಮರಾಟಿ ಮನೆಗಳಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಎಕರೆ ಇದೆ’ ಎಂಬುದಕ್ಕಿಂತ ‘ಅಜ್ಜನ ಕಾಲಕ್ಕೆ ಈ ಜಾಗ ಯಾವ ಲೆಕ್ಕದಲ್ಲಿತ್ತು’ ಎಂಬುದೇ ಆಗಬೇಕು.

ತಿರುವಾಂಕೂರಿನಿಂದ ಬಂದವರ ದಾರಿ ಬೇರೆ. ಅಲ್ಲಿನ ತುಂಡು ಜಮೀನನ್ನು ಮಾರಿದ ಹಣದಲ್ಲಿ ಇಲ್ಲಿನ ಜಮೀನ್ದಾರ ಮನೆತನಗಳಿಂದ ಹಲವು ಪಟ್ಟು ಹೆಚ್ಚು ಕಾಡುನೆಲವನ್ನು ಕೊಳ್ಳಲು ಸಾಧ್ಯವಾಯಿತು. ಮಲೇರಿಯಾ, ಕಾಡುಪ್ರಾಣಿ, ರಸ್ತೆಯಿಲ್ಲದ ಮಲೆ, ಇವುಗಳ ನಡುವೆ ಅವರು ಪಟ್ಟ ಕಷ್ಟ ಸಣ್ಣದಲ್ಲ. ಮನೆಮಂದಿಯನ್ನು ಮಣ್ಣು ಮಾಡಿದ ನೆನಪುಗಳನ್ನು ಹಿರಿಯರ ಬಾಯಿಯಿಂದಲೇ ಕೇಳಬೇಕು. ಆದರೂ ಖರೀದಿಯ ಆಧಾರ (ನೋಂದಾಯಿತ ಕ್ರಯಪತ್ರ) ಕೈಯಲ್ಲಿದ್ದವರು ಮೊದಲು ಮರಗೆಣಸು, ನಿಂಬೆಹುಲ್ಲು ಬೆಳೆಸಿ ಹೊಟ್ಟೆ ಹೊರೆದು, ಬಳಿಕ ಕಾಳುಮೆಣಸಿಗೂ ರಬ್ಬರಿಗೂ ಹೊರಳಬಹುದಿತ್ತು. ಅದೇ ಕಾಲದಲ್ಲಿ ಚಾಲಗೇಣಿಯಲ್ಲಿ ದುಡಿಯುತ್ತಿದ್ದವನ ಶ್ರಮ ಕಡಿಮೆಯದೆಂದು ಹೇಳಲು ಯಾವ ಆಧಾರವೂ ಇಲ್ಲ; ಅವನ ಶ್ರಮ ನೆಲದಲ್ಲಿ ಆಸ್ತಿಯಾಗಿ ನಿಲ್ಲಲಿಲ್ಲ, ಅಷ್ಟೆ.

1970ರ ಜನವರಿ 1ರಂದು ಕೇರಳ ಭೂಸುಧಾರಣಾ ಕಾಯ್ದೆಯ ಮುಖ್ಯ ತಿದ್ದುಪಡಿಗಳು ಜಾರಿಯಾದವು. ಗೇಣಿ ರದ್ದಾಯಿತು, ಗೇಣಿದಾರರು ಲ್ಯಾಂಡ್ ಟ್ರಿಬ್ಯೂನಲಿನ ಮೂಲಕ ಪಟ್ಟಯ (ಹಕ್ಕುಪತ್ರ) ಪಡೆದರು, ಇನ್ನೊಬ್ಬರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕುಡಿಕಿಡಪ್ಪುದಾರರಿಗೆ ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸ್ (ನೂರು ಸೆಂಟ್ಸ್ ಎಂದರೆ ಒಂದು ಎಕರೆ) ತನಕ ಕೊಳ್ಳುವ ಹಕ್ಕು ಬಂತು. ಈ ಕಾಯ್ದೆಯಲ್ಲಿ ಗಮನಿಸಲೇಬೇಕಾದ ಒಂದು ಅಂಶವಿದೆ. ಭೂಮಿತಿಯಿಂದ (ಒಂದು ಕುಟುಂಬ ಇಟ್ಟುಕೊಳ್ಳಬಹುದಾದ ಭೂಮಿಯ ಗರಿಷ್ಠ ಮಿತಿ) ವಿನಾಯಿತಿ ಪಡೆದ ತೋಟಬೆಳೆಗಳಲ್ಲಿ ಚಹಾ, ಕಾಫಿ, ಏಲಕ್ಕಿ ಮತ್ತು ರಬ್ಬರ್ ಇದ್ದವು, ಅಡಿಕೆ ಇರಲಿಲ್ಲ. ಹೆಚ್ಚಿನ ವಲಸಿಗರ ಹಿಡುವಳಿ ಮಿತಿಯ ಒಳಗೇ ಇದ್ದುದರಿಂದ ಇದು ಎಲ್ಲರಿಗೂ ತಟ್ಟಿದ ವಿಷಯವಲ್ಲ, ಆದರೆ ದೊಡ್ಡ ಹಿಡುವಳಿಗಳನ್ನು ಹೋಲಿಸುವಾಗ ಇದನ್ನು ಮರೆಯುವಂತಿಲ್ಲ.

ಕೆಲಸದ ಕ್ರಮ ಹೀಗಿರಲಿ. ಪ್ರತಿ ಮನೆಯಲ್ಲೂ ವಿಲೇಜ್ ಆಫೀಸಿನ ಈಚಿನ ಭೂತೆರಿಗೆ ರಶೀದಿ, ಜಾಗದ ಹಕ್ಕು ಮೂಲದಲ್ಲಿ ಬಂದ ಕಾಗದ (ಆಧಾರವೋ ಪಟ್ಟಯವೋ ಪಾಲುಪಟ್ಟಿಯೋ), ಮತ್ತು ಬ್ಯಾಂಕಿನಲ್ಲಿ ಅಡವಿದ್ದರೆ ಅದರ ವಿವರ, ಇವನ್ನು ತೋರಿಸಲು ಒಪ್ಪಿಗೆಯಿದ್ದರೆ ನೋಡಿ. ಕಾಗದವನ್ನು ಫೋಟೋ ತೆಗೆಯಬೇಡಿ. ಹಕ್ಕು ಬಂದ ವರ್ಷ, ಬಂದ ಬಗೆ, ವಿಸ್ತೀರ್ಣ, ಕಾಗದ ಗಂಡಸಿನ ಹೆಸರಲ್ಲಿದೆಯೇ ಹೆಂಗಸಿನ ಹೆಸರಲ್ಲಿದೆಯೇ ಎಂಬುದು, ಇಷ್ಟನ್ನು ಮಾತ್ರ ಬರೆದುಕೊಂಡರೆ ಸಾಕು. ಈ ನಾಲ್ಕು ಅಂಶಗಳು ಕೈಯಲ್ಲಿದ್ದರೆ ‘ಹಕ್ಕು ಬಂದು ಎಷ್ಟು ವರ್ಷವಾಯಿತು’ ಎಂಬ ಹೊಸ ಕಾಲಮ್ ಮಾಡಬಹುದು. 1943ರಲ್ಲಿ ಆಧಾರ ಪಡೆದ ಮನೆಯನ್ನು 1975ರಲ್ಲಿ ಪಟ್ಟಯ ಪಡೆದ ಮನೆಯೊಂದಿಗೆ ನೇರವಾಗಿ ಹೋಲಿಸದೆ, 1970ರ ದಶಕದಲ್ಲಿ ಹಕ್ಕು ಪಡೆದ ಎರಡೂ ಸಮುದಾಯಗಳ ಮನೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಅಂತರ ಕುಗ್ಗುತ್ತದೆಯೇ, ಹಾಗೆಯೇ ಉಳಿಯುತ್ತದೆಯೇ? ಅಧ್ಯಯನದ ತಿರುಳು ಆ ಉತ್ತರದಲ್ಲಿದೆ.

ಹತ್ತು ವರ್ಷದ ಅಂತರ ಮತ್ತು ತಲಪಾಡಿಯ ಆಚೆ

ಶಿಕ್ಷಣ ಮತ್ತು ಉದ್ಯೋಗವನ್ನು ಹೋಲಿಸುವಾಗ ಜನರನ್ನು ಹುಟ್ಟಿದ ವರ್ಷದ ಪ್ರಕಾರ ಗುಂಪು ಮಾಡಿ. ಮರಾಟಿ ಸಮುದಾಯ 2003ರಿಂದ 2013ರವರೆಗೆ ಕೇರಳದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ, ಆ ಅವಧಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಮುಂದಿನ ಓದಿಗೂ ಸರಕಾರಿ ಕೆಲಸದ ಪಿ.ಎಸ್.ಸಿ. ಪರೀಕ್ಷೆಗೂ ಹೊರಟವರು ತಮ್ಮ ಅಣ್ಣಂದಿರಿಗೆ ಇದ್ದ ಮೀಸಲಾತಿಯಿಲ್ಲದೆ ಹೊರಟರು. ಇಡೀ ಸಮುದಾಯಕ್ಕೆ ಒಂದೇ ಸರಾಸರಿ ಕೊಟ್ಟರೆ ಈ ತಲೆಮಾರಿನ ನಷ್ಟ ಕಾಣಿಸುವುದೇ ಇಲ್ಲ. ಸುಮಾರು 1987ರಿಂದ 1997ರ ನಡುವೆ ಹುಟ್ಟಿದವರನ್ನು ಬೇರೆ ಮಾಡಿ ನೋಡಿ. ಅವರಲ್ಲಿ ಎಷ್ಟು ಮಂದಿ ಪದವಿ ಮುಗಿಸಿದರು, ಎಷ್ಟು ಮಂದಿ ಸರಕಾರಿ ಕೆಲಸ ಸೇರಿದರು, ಎಷ್ಟು ಮಂದಿ ಕೆಲಸ ಹುಡುಕಿ ಮಂಗಳೂರಿಗೆ ಹೋದರು ಎಂದು ಕೇಳಿ.

ಇಲ್ಲಿ ಗಡಿನಾಡಿನ ಅಧ್ಯಯನಕಾರರಿಗೆ ಬೇರೆಲ್ಲೂ ಸುಲಭವಾಗಿ ಸಿಗದ ಒಂದು ಅನುಕೂಲವಿದೆ. ಗಡಿಯ ತಲಪಾಡಿಯ ಆಚೆ, ಕರ್ನಾಟಕದ ಪುತ್ತೂರು, ಸುಳ್ಯ, ಬಂಟ್ವಾಳ ತಾಲೂಕುಗಳಲ್ಲಿ ಇದೇ ಮರಾಟಿ ಸಮುದಾಯವಿದೆ. ಮದುವೆ ಸಂಬಂಧಗಳು ಗಡಿ ದಾಟಿ ನಡೆಯುತ್ತವೆ. ದಕ್ಷಿಣ ಕನ್ನಡದಲ್ಲಿ ಅವರು ಈ ಹತ್ತು ವರ್ಷಗಳಲ್ಲೂ ಪಟ್ಟಿಯಲ್ಲೇ ಇದ್ದರು. ಒಂದೇ ಕುಟುಂಬದ ಎರಡು ಕವಲು, ಒಂದು ಎಣ್ಮಕಜೆಯಲ್ಲಿ, ಇನ್ನೊಂದು ಪುತ್ತೂರಿನ ಹಳ್ಳಿಯಲ್ಲಿ ಇದ್ದರೆ, ಅವರ ಮಕ್ಕಳ ಓದನ್ನು ಹೋಲಿಸುವುದರಿಂದ ಸರಕಾರದ ಪಟ್ಟಿಯೊಂದು ಬದುಕಿನಲ್ಲಿ ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದು ತಿಳಿಯುತ್ತದೆ. ಇಂಥ ಕೆಲವು ಜೋಡಿ ಕುಟುಂಬಗಳ ವಿವರ ನೂರಾರು ಪ್ರಶ್ನಾವಳಿಗಳಿಗಿಂತ ಹೆಚ್ಚು ಬೆಲೆಬಾಳುತ್ತದೆ.

ತಿರುವಾಂಕೂರು ಮೂಲದವರ ಶಿಕ್ಷಣವನ್ನು ಅಳೆಯುವಾಗ ಸಂಸ್ಥೆಗಳತ್ತ ಗಮನವಿರಲಿ. ಇಗರ್ಜಿ ಕಟ್ಟಿದ ಕೆಲವೇ ವರ್ಷಗಳಲ್ಲಿ ಶಾಲೆ ಕಟ್ಟುವುದು ಅವರಲ್ಲಿ ವಾಡಿಕೆ. ರಾಜಪುರಂನಲ್ಲಿ 1995ರಲ್ಲಿ ಕಾಲೇಜೂ ಬಂತು. ಮಗು ಮನೆಯಲ್ಲಿ ಆಡುವ ಮಲಯಾಳವೇ ಶಾಲೆಯ ಭಾಷೆ, ಅದೇ ವಿಲೇಜ್ ಆಫೀಸಿನ ಭಾಷೆ, ಅದೇ ಪಿ.ಎಸ್.ಸಿ.ಯ ಭಾಷೆ. ಮರಾಟಿ ಮಗುವಿಗೆ ಮನೆಯಿಂದ ಕಚೇರಿಯ ಕಿಟಕಿಯವರೆಗೆ ನಾಲ್ಕು ಭಾಷೆಗಳನ್ನು ದಾಟಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆಲ್ಲ ಈ ದಾರಿಯ ಕಷ್ಟ ಗೊತ್ತಿದೆ. ಇದನ್ನು ಅಳೆಯಲು ಸರಳ ಪ್ರಶ್ನೆಯೊಂದು ಸಾಕು: ಕಳೆದ ಸಲ ಸರಕಾರಿ ಅರ್ಜಿ ತುಂಬಿಸಿದ್ದು ಯಾರು? ಮನೆಯವರೇ, ಸರಕಾರಿ ಸೇವೆಗಳ ಅಕ್ಷಯ ಕೇಂದ್ರದವರೇ, ಹಣ ಕೊಟ್ಟು ಇನ್ನೊಬ್ಬರೇ?

ಮನೆಯೊಳಗಿನ ಪ್ರಶ್ನೆಗಳು

‘ನಿಮ್ಮ ವರಮಾನ ಎಷ್ಟು’ ಎಂದು ನೇರವಾಗಿ ಕೇಳಿದರೆ ಎರಡೂ ಕಡೆ ಸಿಗುವ ಉತ್ತರ ಕೆಲಸಕ್ಕೆ ಬಾರದು. ಅಡಿಕೆ ಮಾರುವುದು ವರ್ಷಕ್ಕೆ ಕೆಲವು ಸಲ, ರಬ್ಬರ್ ಶೀಟ್ ಮಾರುವುದು ವಾರವಾರ, ಕೂಲಿ ದಿನದಿನದ್ದು. ಮೂರನ್ನೂ ಒಂದೇ ತಿಂಗಳ ಲೆಕ್ಕಕ್ಕೆ ತುರುಕಿದರೆ ತಪ್ಪುತ್ತದೆ. ಕಳೆದ ಹನ್ನೆರಡು ತಿಂಗಳನ್ನು ಬೆಳೆಯ ಪ್ರಕಾರ ಒಡೆದು ಕೇಳಿ. ಬೆಲೆಯ ಏರಿಳಿತವನ್ನೂ ಗಮನಿಸಿ: 2011ರಲ್ಲಿ ರಬ್ಬರ್ ಕಿಲೋಗೆ 200 ರೂಪಾಯಿ ದಾಟಿತ್ತು, 2016ರ ಆರಂಭದಲ್ಲಿ 100 ರೂಪಾಯಿಗಿಂತ ಕೆಳಗಿಳಿದಿತ್ತು. ಮೊದಲನೆಯ ವರ್ಷ ಅಧ್ಯಯನ ಮಾಡಿದವರಿಗೂ ಎರಡನೆಯ ವರ್ಷ ಮಾಡಿದವರಿಗೂ ಗುಡ್ಡದ ಪಂಚಾಯತು ಎರಡು ಬೇರೆ ಊರುಗಳಾಗಿ ಕಂಡಿರುತ್ತದೆ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಮಾತ್ರ ಭೇಟಿ ಕೊಟ್ಟರೆ ಅಡಿಕೆಯ ಕೊಳೆರೋಗದ ಚಿಂತೆಯೂ ರಬ್ಬರ್ ಟ್ಯಾಪಿಂಗ್ ನಿಂತ ತಾಪತ್ರಯವೂ ಉತ್ತರಗಳನ್ನೆಲ್ಲ ಆವರಿಸುತ್ತವೆ. ಮಳೆಗಾಲದಲ್ಲಿ ಒಮ್ಮೆ, ಬೇಸಗೆಯಲ್ಲಿ ಒಮ್ಮೆ ಹೋಗುವುದು ಒಳ್ಳೆಯದು.

ವರಮಾನಕ್ಕಿಂತ ನಂಬಲರ್ಹವಾದವು ಕಣ್ಣಿಗೆ ಕಾಣುವ ಗುರುತುಗಳು. ಕೇರಳದ ರೇಷನ್ ಕಾರ್ಡಿನ ಬಣ್ಣ (ಹಳದಿ, ಗುಲಾಬಿ, ನೀಲಿ, ಬಿಳಿ) ಸರಕಾರ ಆ ಮನೆಯನ್ನು ಎಲ್ಲಿ ಇಟ್ಟಿದೆ ಎಂದು ತಿಳಿಸುತ್ತದೆ, ಆದರೆ ಅದನ್ನೊಂದನ್ನೇ ನಂಬಬೇಡಿ. ಬಿಳಿ ಕಾರ್ಡಿನ ಮನೆಯಲ್ಲೂ ಸಾಲ ಕುತ್ತಿಗೆಯವರೆಗೆ ಇರಬಹುದು. ಮಾಡು ಹಂಚಿನದೋ ತಾರಸಿಯೋ, ಅದನ್ನು ಕಟ್ಟಲು ಹಣ ಪಂಚಾಯತಿನ ವಸತಿ ಯೋಜನೆಯಿಂದ ಬಂತೋ ಮಗಳು ನರ್ಸ್ ಆಗಿ ದುಡಿದು ಕಳಿಸಿದ್ದೋ ಎಂದು ಕೇಳಿ.

ನೀರಿನ ಬಗ್ಗೆ ವಿವರವಾಗಿ ವಿಚಾರಿಸಿ. ಎಣ್ಮಕಜೆ, ಪೈವಳಿಕೆ ಕಡೆಯ ಹಲವು ಮನೆಗಳ ನೀರು ಸುರಂಗದಿಂದ ಬರುತ್ತದೆ. ಗುಡ್ಡದ ಮುರಕಲ್ಲಿನ ಒಳಗೆ ಒಬ್ಬ ಮನುಷ್ಯ ಬಾಗಿ ಸಾಗುವಷ್ಟು ಅಗಲದಲ್ಲಿ, ಮೇಣದಬತ್ತಿಯ ಬೆಳಕಿನಲ್ಲಿ ಅಗೆಯುತ್ತ ಹೋಗಿ, ಒರತೆ ಸಿಕ್ಕಲ್ಲಿಂದ ನೀರನ್ನು ಹೊರಗಿನ ಮಣ್ಣಿನ ಕೊಳಕ್ಕೆ ಹರಿಸುವ ವ್ಯವಸ್ಥೆ ಅದು. ಸುರಂಗ ಯಾರ ಜಾಗದಲ್ಲಿದೆ, ಅಗೆದವರು ಮನೆಯವರೇ ಅಥವಾ ಕೂಲಿಯವರೇ, ಎಪ್ರಿಲ್ ಕೊನೆಗೆ ನೀರು ಬರುತ್ತದೆಯೇ, ಪಕ್ಕದ ತೋಟದಲ್ಲಿ ಕೊಳವೆಬಾವಿ ಬಿದ್ದ ಮೇಲೆ ಏನಾಯಿತು, ಈ ಪ್ರಶ್ನೆಗಳ ಉತ್ತರದಲ್ಲಿ ಮನೆಯ ಆರ್ಥಿಕ ಸ್ಥಿತಿಯೂ ನೆರೆಹೊರೆಯ ಸಂಬಂಧವೂ ಒಟ್ಟಿಗೆ ಹೊರಬರುತ್ತವೆ. ಪೂರ್ವದ ಗುಡ್ಡಗಳಲ್ಲಿ ತೋಡಿನಿಂದ ಪೈಪ್ ಎಳೆದ ಮನೆಗಳಿಗೂ ಇದೇ ಪ್ರಶ್ನೆಗಳನ್ನು ಹೊಂದಿಸಿ ಕೇಳಬಹುದು.

ಕಾಯಿಲೆಯ ಖರ್ಚನ್ನು ಯಾವ ಕಾರಣಕ್ಕೂ ಬಿಡಬೇಡಿ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ದುರಂತದ ಬಾಧಿತ ಪಂಚಾಯತುಗಳಲ್ಲಿ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ ಇವೆ. ಕಳ್ಳಾರ್, ಪನತ್ತಡಿಗಳೂ ಇವೆ. ಹಾಸಿಗೆ ಹಿಡಿದ ಮಗುವೊಂದಿರುವ ಮನೆಯಲ್ಲಿ ತಾಯಿ ಕೂಲಿಗೆ ಹೋಗಲಾರಳು, ಬೀಡಿ ಕಟ್ಟುವುದಕ್ಕೂ ಪುರುಸೊತ್ತು ಸಿಗದು. ಆ ಮನೆಯನ್ನು ‘ಕಡಿಮೆ ವರಮಾನ’ ಎಂಬ ಸಾಲಿಗೆ ಸೇರಿಸಿ ಮುಂದೆ ಹೋಗುವುದು ಅನ್ಯಾಯ. ಬಾಧಿತರಿರುವ ಮನೆಗಳನ್ನು ಎರಡೂ ಕಡೆ ಪ್ರತ್ಯೇಕವಾಗಿ ತೋರಿಸಿ.

ಸಾಮಾಜಿಕ ಸ್ಥಿತಿಯನ್ನು ಅಳೆಯಲು ಗ್ರಾಮಸಭೆಗೆ ಯಾರು ಹೋಗುತ್ತಾರೆ, ಹೋದವರಲ್ಲಿ ಮಾತಾಡುವವರು ಯಾರು, ಸಹಕಾರಿ ಬ್ಯಾಂಕಿನ ಆಡಳಿತ ಮಂಡಳಿಯಲ್ಲಿ ಸಮುದಾಯದವರು ಇದ್ದಾರೆಯೇ, ತುರ್ತಿಗೆ ಹತ್ತು ಸಾವಿರ ರೂಪಾಯಿ ಬೇಕಾದರೆ ಯಾರ ಬಾಗಿಲಿಗೆ ಹೋಗುತ್ತೀರಿ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಹೆಂಗಸರೂ ಗಂಡಸರೂ ಬೇರೆ ಬೇರೆ ಉತ್ತರ ಕೊಡುವುದುಂಟು, ಆದ್ದರಿಂದ ಇಬ್ಬರನ್ನೂ ಬೇರೆಯಾಗಿ ಮಾತಾಡಿಸಿ.

ಪ್ರಶ್ನಾವಳಿ ಕನ್ನಡ ಮತ್ತು ಮಲಯಾಳ ಎರಡರಲ್ಲೂ ಇರಲಿ, ಮಾತು ಮಾತ್ರ ಮನೆಯವರಿಗೆ ಹಿತವಾದ ಭಾಷೆಯಲ್ಲಿ ನಡೆಯಲಿ. ಬೆಳ್ಳೂರಿನ ಅಜ್ಜಿಯೊಂದಿಗೆ ತುಳುವಿನಲ್ಲಿ ಆರಂಭಿಸಿ. ಪನತ್ತಡಿಯ ಮನೆಯಲ್ಲಿ ಚೇಟ್ಟಾ, ಚೇಚ್ಚಿ ಎಂದು ಕರೆದು, ಹಿರಿಯರಿದ್ದರೆ ಅಪ್ಪಚ್ಚನ್, ಅಮ್ಮಚ್ಚಿ ಎನ್ನಿ. ಜಾತಿಯ ಪ್ರಶ್ನೆಯನ್ನು ಮೊದಲಿಗೇ ಎತ್ತಬೇಡಿ.

ಲೆಕ್ಕ ಹಾಕುವಾಗ

ಸರಾಸರಿಗಿಂತ ನಡುಬೆಲೆಯನ್ನು (ಮೀಡಿಯನ್) ನಂಬಿ. ಐದು ಮನೆಗಳಲ್ಲಿ 40 ಸೆಂಟ್ಸ್, 60 ಸೆಂಟ್ಸ್, 75 ಸೆಂಟ್ಸ್, 1 ಎಕರೆ ಮತ್ತು 12 ಎಕರೆ ಭೂಮಿಯಿದೆ ಎಂದುಕೊಳ್ಳೋಣ. ಸರಾಸರಿ ತೆಗೆದರೆ ಮನೆಗೆ 2.95 ಎಕರೆ ಬರುತ್ತದೆ. ಅಷ್ಟು ಭೂಮಿಯಿರುವ ಮನೆ ಅಲ್ಲಿ ಒಂದೂ ಇಲ್ಲ. ಸಾಲಾಗಿ ಜೋಡಿಸಿದಾಗ ನಡುವೆ ಬರುವ 75 ಸೆಂಟ್ಸ್ ಆ ಊರಿನ ಸ್ಥಿತಿಗೆ ಹತ್ತಿರ. ದೊಡ್ಡ ರಬ್ಬರ್ ತೋಟದ ಒಂದೆರಡು ಮನೆಗಳಿಂದಾಗಿ ಇಡೀ ವಲಸಿಗ ಸಮುದಾಯವೇ ಶ್ರೀಮಂತವೆಂದು ತೋರುವುದು ಇಂಥ ಸರಾಸರಿಯಿಂದಲೇ. ಕಾಲು ಎಕರೆಯಲ್ಲಿ ಬದುಕುವ ಟ್ಯಾಪಿಂಗ್ ಕಾರ್ಮಿಕನ ಮನೆ ಅದರ ಹಿಂದೆ ಮರೆಯಾಗುತ್ತದೆ. ಮೂವತ್ತು ನಲವತ್ತು ಮನೆಗಳಷ್ಟೇ ಇದ್ದರೆ ಶೇಕಡಾ ಲೆಕ್ಕ ಬಿಟ್ಟು ‘34 ಮನೆಗಳಲ್ಲಿ 9’ ಎಂಬ ರೀತಿಯಲ್ಲಿ ಬರೆಯಿರಿ. ಪ್ರತಿ ಕೋಷ್ಟಕದಲ್ಲೂ ಸಮುದಾಯದ ಒಳಗಿನ ಅಂತರ ಕಾಣಿಸಲಿ: ಅತಿ ಕಡಿಮೆ, ನಡುವಿನದು, ಅತಿ ಹೆಚ್ಚು.

ಇಬ್ಬರನ್ನು ಹೋಲಿಸುವಾಗ ಮೂರನೆಯವರನ್ನು ಕೈಬಿಡದಿರಿ. ವಲಸಿಗರು ಬರುವ ಮೊದಲು ಪೂರ್ವದ ಗುಡ್ಡಗಳು ಖಾಲಿಯಾಗಿರಲಿಲ್ಲ. ಮಾವಿಲನ್, ಮಲವೇಟ್ಟುವನ್ ಸಮುದಾಯಗಳು ಅಲ್ಲಿ ಕಾಡು ಕಡಿದು ಸುಟ್ಟು ಬಿತ್ತುವ ಪುನಂ ಬೇಸಾಯದಲ್ಲಿ ಬದುಕಿದ್ದವು. ಜಮೀನ್ದಾರರು ಮಾರಿದ ನೆಲದಲ್ಲಿ ಅವರ ಹಕ್ಕಿಗೆ ಕಾಗದವಿರಲಿಲ್ಲ. ಎಣ್ಮಕಜೆಯಲ್ಲಿ ಕೊರಗರ ಮನೆಗಳೂ ಬೇರೆ ತುಳು ಸಮುದಾಯಗಳ ಮನೆಗಳೂ ಇವೆ. ಪ್ರತಿ ವಾರ್ಡಿನಲ್ಲೂ ಇಂಥ ಕೆಲವು ಮನೆಗಳಿಗೆ ಅದೇ ಪ್ರಶ್ನೆಗಳನ್ನು ಕೇಳಿದರೆ, ಊರೇ ಬಡವಾಗಿರುವುದರಿಂದ ಸಮುದಾಯ ಬಡವಾಗಿದೆಯೋ ಅಥವಾ ಊರು ಬೆಳೆದರೂ ಅದಕ್ಕೆ ಪಾಲು ಸಿಗಲಿಲ್ಲವೋ ಎಂಬುದು ತಿಳಿಯುತ್ತದೆ.

ವರದಿಯನ್ನು ಅಂತಿಮಗೊಳಿಸುವ ಮುನ್ನ ಅದರ ಕೋಷ್ಟಕಗಳನ್ನು ಹೆಸರುಗಳಿಲ್ಲದೆ, ಕನ್ನಡದಲ್ಲೂ ಮಲಯಾಳದಲ್ಲೂ, ಎರಡೂ ಕಡೆಯ ಕುಟುಂಬಶ್ರೀ ಸಭೆಗಳಲ್ಲಿ ಓದಿ ಹೇಳಿ. ‘ಇದು ನಮ್ಮ ವಾರ್ಡಿನ ಲೆಕ್ಕ ಅಲ್ಲ’ ಎಂದು ಯಾರಾದರೂ ಆಕ್ಷೇಪಿಸಿದರೆ ಆ ಮನೆಗಳ ಹಾಳೆಗಳನ್ನು ಮತ್ತೆ ತೆರೆದು ನೋಡಿ, ಅಗತ್ಯವಿದ್ದರೆ ಇನ್ನೊಮ್ಮೆ ಹೋಗಿ ಕೇಳಿ, ಆಕ್ಷೇಪವನ್ನೂ ಅದಕ್ಕೆ ಸಿಕ್ಕ ಉತ್ತರವನ್ನೂ ಅದೇ ಕೋಷ್ಟಕದ ಕೆಳಗೆ ಬರೆಯಿರಿ. ಒಂದು ಪ್ರತಿಯನ್ನು ಪಂಚಾಯತಿನ ಗ್ರಂಥಾಲಯಕ್ಕೆ ಕೊಡಿ.